ಎಂಟನೇ ಪ್ರಶ್ನೆಗೊಂದು ತಪ್ಪು ಉತ್ತರ

ಇಂಗ್ಲಿಷ್ ವ್ಯಾಕರಣದಲ್ಲಿ ನನ್ನನ್ನು ಯಾರೂ ಅಲುಗಾಡಿಸಲಾರರು ಎಂಬ ನಂಬಿಕೆ ನನಗೆ ಮೊದಲಿನಿಂದಲೂ ಇದೆ. ಈಗಲೂ ಇದೆ. ಮುಂದೆ ಹೇಳಲಿರುವ ಅನಾಹುತಕ್ಕೂ ವ್ಯಾಕರಣಕ್ಕೂ ಯಾವ ಸಂಬಂಧವೂ ಇಲ್ಲವೆಂದು ಈಗಲೇ ಸ್ಪಷ್ಟಪಡಿಸುತ್ತೇನೆ. ವ್ಯಾಕರಣ ತನ್ನ ಪಾಡಿಗೆ ತಾನು ಸರಿಯಾಗಿಯೇ ಇತ್ತು. ಕೆಟ್ಟವನು ನಾನು.

ನನ್ನ ಮನೆ ಬೀದರ್‌ನ ಮೈಲೂರಿನಲ್ಲಿ. ಶಾಲೆ ಔರಾದ ತಾಲ್ಲೂಕಿನಲ್ಲಿ, ಚಿಂತಾಕಿ ಕಡೆಯ ಒಂದು ಹಳ್ಳಿಯಲ್ಲಿ. ಹಳ್ಳಿಯ ಹೆಸರು ಹೇಳುವುದಿಲ್ಲ. ಅಲ್ಲಿ ನಾನು ಇನ್ನೂ ಕೆಲಸ ಮಾಡಬೇಕಾಗಿದೆ. ಬೀದರ್‌ನಿಂದ ಔರಾದಕ್ಕೆ ಒಂದು ಬಸ್ಸು, ಅಲ್ಲಿಂದ ಮುಂದಕ್ಕೆ ಇನ್ನೊಂದು, ಸಂಜೆ ಅದೇ ಎರಡು ತಿರುಗಿ. ಹನ್ನೊಂದು ವರ್ಷ ಹೀಗೆ ಓಡಾಡಿ ಕಂಡಕ್ಟರುಗಳ ಮಕ್ಕಳ ಹೆಸರು, ತರಗತಿ, ಅಂಕ ಎಲ್ಲ ನನಗೆ ಬಾಯಿಪಾಠವಾಗಿವೆ. ನನ್ನ ಹೆಂಡತಿ ಸುಗುಣಾ ಬೀದರ್‌ನ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವಳು ಪಾಳಿ ಮುಗಿಸಿ ಮನೆಗೆ ಬರುವಾಗ ನಾನು ಬಸ್ಸಿನಲ್ಲಿರುತ್ತೇನೆ, ನಾನು ಬಸ್ಸಿಳಿಯುವಾಗ ಅವಳು ಪಾಳಿಗೆ ಹೊರಟಿರುತ್ತಾಳೆ. ಇಬ್ಬರೂ ಎಚ್ಚರವಾಗಿದ್ದು ಒಂದೇ ಸೂರಿನಡಿ ಕೂರುವುದು ಭಾನುವಾರ ಚರ್ಚಿನಲ್ಲಿ. ಅಲ್ಲಿಯೂ ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ.

ಹೀಗಿರುವಾಗ ಬೀದರ್‌ನಲ್ಲಿ ಶಿಕ್ಷಕರಿಗೆ ತರಬೇತಿ ಕೊಡುವ ಒಂದು ಜಾಗ ಖಾಲಿಯಾಯಿತು. ಎರಡು ವರ್ಷದ ನಿಯೋಜನೆ. ನಮ್ಮ ಮನೆಯಿಂದ ಆ ಕಟ್ಟಡಕ್ಕೆ ಹತ್ತು ನಿಮಿಷದ ನಡಿಗೆ. ಕೊನೆಗೆ ಉಳಿದವರು ಇಬ್ಬರು: ಭಾಲ್ಕಿ ಕಡೆಯ ಒಬ್ಬ ಶಿಕ್ಷಕರು ಮತ್ತು ನಾನು. ನಿವೃತ್ತ ಮುಖ್ಯೋಪಾಧ್ಯಾಯಿನಿ ಲೀಲಾವತಿ ಮೇಡಂ ಇಬ್ಬರ ಶಾಲೆಗೂ ಬಂದು ಒಂದೊಂದು ಮಾದರಿ ಪಾಠ ನೋಡಿ ವರದಿ ಬರೆಯುತ್ತಾರೆ, ಆ ವರದಿಯೇ ಅಂತಿಮ ಎಂದು ಸುದ್ದಿ ಬಂತು.

"ಬೀದರ್‌ಗೇ ಬಂದ್ರ ಮುಂಜಾನಿ ಇಬ್ಬರೂ ಕೂಡಿ ಚಹಾ ಕುಡೀಬಹುದಲ್ರಿ" ಎಂದಳು ಸುಗುಣಾ. ಅವಳು ಕೇಳಿದ್ದು ಅಷ್ಟೇ. ಅದಕ್ಕಿಂತ ದೊಡ್ಡದನ್ನು ಕೇಳಿದ್ದರೆ ನಾನು ಇಷ್ಟು ಕಂಗಾಲಾಗುತ್ತಿರಲಿಲ್ಲ. ಆ ಚಹಾ ನನಗೆ ಬೇಕೇ ಬೇಕಾಗಿತ್ತು. ಅದಕ್ಕಾಗಿ ಏನು ಮಾಡಲೂ ಸಿದ್ಧನಾದೆ, ಮತ್ತು ಅದನ್ನೇ ಮಾಡಿದೆ.

ಮೊದಲನೆಯದು ವಿಷಯದ ಆಯ್ಕೆ. ನಲವತ್ತು ನಿಮಿಷದಲ್ಲಿ ಮುಗಿಯುವಂಥದ್ದು, ಅಕ್ಕಪಕ್ಕ ಅಪವಾದಗಳಿಲ್ಲದ್ದು, ಕಪ್ಪು ಹಲಗೆಯ ಮೇಲೆ ಚೆನ್ನಾಗಿ ಕಾಣುವಂಥದ್ದು ಬೇಕಿತ್ತು. ಯೋಚಿಸಿ ಒಂದು ಸಣ್ಣ ನಿಯಮ ಹಿಡಿದೆ. ಅದನ್ನು ಮೊದಲು ಸುಗುಣಾಳ ಮೇಲೆ ಪ್ರಯೋಗಿಸಿದೆ. ಭಾನುವಾರ ಚರ್ಚಿನಿಂದ ಬಂದು ಅವಳು ಅಡುಗೆ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು.

"ನೋಡು, 'ಓದುವುದು', 'ತೊಳೆಯುವುದು', 'ಮೇಯಿಸುವುದು' ಇಂಥಾದ್ದು ವಾಕ್ಯದ ಕರ್ತೃ ಆದ್ರ, ಅದರ ಜೋಡಿ ಎಷ್ಟ ಬಹುವಚನ ಬಂದು ಕುಂತ್ರೂ ಕ್ರಿಯಾಪದ ಏಕವಚನಾನೇ. ಇಂಗ್ಲಿಷ್‌ನ್ಯಾಗೂ ಹಂಗಾ, ಕನ್ನಡದಾಗೂ ಹಂಗಾ. ಹತ್ತು ಭಾಂಡಿ ತೊಳೆಯೋದು ಕಷ್ಟ ಅದ ಅಂತೇವಿ. ಕಷ್ಟ ಅವ ಅನ್ನೂದಿಲ್ಲ."

"ಭಾಂಡಿ ಹತ್ತ ಇದ್ರೂ ಕೆಲಸ ಒಂದಾ ಅಂತೀರಿ?"

"ವ್ಯಾಕರಣದಾಗ."

"ಆ ವ್ಯಾಕರಣ ಬರದವ ಗಂಡಸಾ ಇರಬೇಕ್ರಿ. ಒಂದಿನಾನೂ ಭಾಂಡಿ ತೊಳದವ ಅಲ್ಲ."

ಟೀಕೆಯನ್ನು ದಾಖಲಿಸಿಕೊಂಡು ನಾನು ಮುಂದಿನ ಹಂತಕ್ಕೆ ಹೋದೆ. ಮುಂದಿನ ಹಂತವೆಂದರೆ ಪೂರ್ವಾಭ್ಯಾಸ. ಇದನ್ನು ಓದುತ್ತಿರುವ ಶಿಕ್ಷಕರು ಯಾರಾದರೂ ಇದ್ದರೆ ಮುಗುಳ್ನಗಬಾರದು. ಮಾದರಿ ಪಾಠವೆಂದರೆ ಮದುವೆಯಿದ್ದಂತೆ. ಯಾರ ಕೊರಳಿಗೆ ಯಾರು ಮಾಲೆ ಹಾಕುತ್ತಾರೆಂದು ಇಡೀ ಮಂಟಪಕ್ಕೆ ಗೊತ್ತಿರುತ್ತದೆ, ಆದರೂ ನಡುವೆ ಅಂತರಪಟ ಹಿಡಿಯುತ್ತಾರೆ. ಯಾವ ಪ್ರಶ್ನೆಗೆ ಯಾವ ಮಗು ಏಳಬೇಕು, ಏನು ಹೇಳಬೇಕು ಎಂಬುದೆಲ್ಲ ಮೊದಲೇ ನಿರ್ಧಾರವಾಗಿರುತ್ತದೆ. ನನ್ನ ಗುರುಗಳು ಹಾಗೆ ಮಾಡಿದ್ದರು, ಅವರ ಗುರುಗಳೂ ಹಾಗೆಯೇ ಮಾಡಿದ್ದರಂತೆ.

ನಾನು ಎಂಟನೇ ತರಗತಿಯ ಮಕ್ಕಳಿಗೆ 'ಹೊಣೆ ಹಂಚಿಕೆ ಪಟ್ಟಿ' ಎಂಬ ಶೀರ್ಷಿಕೆಯಡಿ ಹತ್ತು ಪ್ರಶ್ನೆ, ಹತ್ತು ಹೆಸರು, ಹತ್ತು ಉತ್ತರ ಬರೆದುಕೊಟ್ಟೆ. ಯಾರು ಎರಡು ಸೆಕೆಂಡು ಯೋಚಿಸಿದಂತೆ ಮಾಡಬೇಕು, ಯಾರು ತಟ್ಟನೆ ಹೇಳಬೇಕು ಎಂಬ ಷರಾ ಕೂಡ ಇತ್ತು. ಐದು ದಿನದಲ್ಲಿ ಪಾಠ ನೀರು ಕುಡಿದಷ್ಟು ಸಲೀಸಾಯಿತು. ಆರನೆಯ ದಿನ ನನಗೆ ಭಯ ಶುರುವಾಯಿತು.

ಹತ್ತಕ್ಕೆ ಹತ್ತೂ ಸರಿ! ಇದನ್ನು ಯಾವ ಮೇಡಂ ನಂಬುತ್ತಾರೆ? ಹಿಂದೆ ಔರಾದದಲ್ಲಿ ಒಬ್ಬ ಶಿಕ್ಷಕರ ವರದಿಯಲ್ಲಿ 'ಮಕ್ಕಳನ್ನು ಮೊದಲೇ ತಯಾರು ಮಾಡಿದಂತೆ ಕಂಡಿತು' ಎಂದು ಬರೆದಿದ್ದರಂತೆ. ಆ ಮನುಷ್ಯ ಮುಂದೆ ಯಾವ ಮಾದರಿ ಪಾಠಕ್ಕೂ ಹೆಸರು ಕೊಡಲಿಲ್ಲ. ಆದ್ದರಿಂದ ನನ್ನ ಪಾಠಕ್ಕೆ ಒಂದು ತಪ್ಪು ಉತ್ತರದ ಅವಶ್ಯಕತೆ ಇದೆ ಎಂದು ತೀರ್ಮಾನಿಸಿದೆ. ಒಂದೇ ಒಂದು. ಅದು ಸಹಜವಾಗಿರಬೇಕು, ಗಟ್ಟಿಯಾಗಿ ಕೇಳಿಸಬೇಕು, ಎಂಟನೇ ಪ್ರಶ್ನೆಗೇ ಬರಬೇಕು. ಆಗ ನಾನು ಕನಿಕರದಿಂದ ನಕ್ಕು, "ತಪ್ಪು, ಆದರೂ ಒಳ್ಳೆಯ ಪ್ರಯತ್ನ" ಎಂದು ಹೇಳಿ, ಇನ್ನೊಂದು ಮಗುವಿನಿಂದ ತಿದ್ದಿಸಿ, ಆ ಮಗುವಿಗೆ ಶಾಬಾಶ್ ಎಂದು, ತರಗತಿಯಿಂದ ಚಪ್ಪಾಳೆ ಹೊಡೆಸಬೇಕು. ಮಕ್ಕಳ ತಪ್ಪನ್ನು ಪ್ರೀತಿಯಿಂದ ತಿದ್ದುವ ಶಿಕ್ಷಕ ಎಂದು ವರದಿಯಲ್ಲಿ ಬರುತ್ತದೆ ಎಂಬುದು ನನ್ನ ಲೆಕ್ಕಾಚಾರ.

"ತಪ್ಪ ಉತ್ತರ ಯಾರು ಹೇಳ್ತೀರಿ?" ಎಂದು ತರಗತಿಯಲ್ಲಿ ಕೇಳಿದೆ.

ಒಂದು ಕೈಯೂ ಏಳಲಿಲ್ಲ. ವರ್ಷವಿಡೀ ನನಗೆ ಧಾರಾಳವಾಗಿ, ಕೇಳದೆಯೂ ತಪ್ಪು ಉತ್ತರ ಕೊಟ್ಟ ಮಕ್ಕಳು ಇವು. ಈಗ ಕೈಮುಗಿದು ಕೇಳಿದರೂ ಒಂದು ಸಿಗಲಿಲ್ಲ. ಹಿಂದಿನ ಬೆಂಚಿನವರ ಕಡೆ ನೋಡಿದೆ. ಅವರ ಪರವಾಗಿ ಒಬ್ಬ ಎದ್ದು, "ಮೇಡಂ ಅವರ ಮುಂದ ಸುಮ್ಮ ಕುಂಡ್ರತೇವ್ರಿ ಸರ್. ತಪ್ಪ ಮಾತ್ರ ಹೇಳಲ್ರಿ. ಇಜ್ಜತ್ ಹೋಗ್ತದ" ಎಂದ. ಉಳಿದವರು ತಲೆಯಾಡಿಸಿದರು.

ನಾನು ಶಾಂತವಾಗಿ ಯೋಚಿಸಿದೆ. ಪಾಠ ಬಾರದವರಿಗೆ ಈ ಹೊಣೆ ಕೊಡುವುದೇ ಅಪಾಯ. ಅವರಿಗೆ ಸರಿ ಯಾವುದು, ತಪ್ಪು ಯಾವುದು ಎಂದು ಗೊತ್ತಿಲ್ಲ. ಕೈತಪ್ಪಿ ಸರಿ ಉತ್ತರ ಹೇಳಿಬಿಟ್ಟರೆ ನನ್ನ ಗತಿ ಏನು? ತಪ್ಪನ್ನು ನಂಬಿಕೆಯಿಂದ ಒಪ್ಪಿಸಬೇಕಾದರೆ ಅದು ತರಗತಿಯ ಅತ್ಯಂತ ಜಾಣ ಮಗುವಿಗೇ ಸಲ್ಲಬೇಕು. ಹೀಗೆ ಎಂಟನೇ ಪ್ರಶ್ನೆ ಮಹಾದೇವಿಯ ಪಾಲಿಗೆ ಬಂತು.

ಮಹಾದೇವಿ ಮೊದಲ ಬೆಂಚಿನ ಹುಡುಗಿ. ಅವಳ ದನಿ ಶಾಲೆಯ ಗಂಟೆಗಿಂತ ಮುಂದಕ್ಕೆ ಹೋಗುತ್ತದೆ. ಪ್ರಶ್ನೆ ಅವಳಿಗೆ ಹೊಂದುವಂತೆಯೇ ಇತ್ತು: 'ಗ್ರೇಜಿಂಗ್ ದಿ ಬಫೆಲೋಸ್ ಡ್ಯಾಶ್ ಹಾರ್ಡ್ ವರ್ಕ್.' ಅಂದರೆ, ಎಮ್ಮೆಗಳನ್ನು ಮೇಯಿಸುವುದು ಕಷ್ಟದ ಕೆಲಸ. ಅಲ್ಲಿ ಬರಬೇಕಾದದ್ದು ಏಕವಚನದ 'ಈಸ್'. ಮಹಾದೇವಿ ಹೇಳಬೇಕಾದದ್ದು ಬಹುವಚನದ 'ಆರ್'. ಅವಳನ್ನು ತಿದ್ದುವ ಹೊಣೆ ಪಕ್ಕದ ಬೆಂಚಿನ ರುಕ್ಸಾನಾಳದು. ಮಹಾದೇವಿ ತಲೆ ತಗ್ಗಿಸಿ "ಹೂಂ ಸರ್" ಎಂದಳು. ಇಷ್ಟು ಸುಲಭವಾಗಿ ಒಪ್ಪಿದಳಲ್ಲ ಎಂದು ನನಗೆ ಸಂತೋಷವಾಯಿತು.

ಮರುದಿನ ಅವಳ ತಂದೆ ಶರಣಪ್ಪನವರು ಶಾಲೆಗೆ ಬಂದರು. ಎಮ್ಮೆ ಸಾಕಿದ ರೈತರು, ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಕೊರಳಲ್ಲಿ ಲಿಂಗ, ಮಾತು ಮೆತ್ತಗೆ. ಊರಿನಲ್ಲಿ ಜಗಳವಾದಾಗ ಇವರನ್ನು ಯಾರೂ ಸಾಕ್ಷಿಗೆ ಕರೆಯುವುದಿಲ್ಲ, ಏಕೆಂದರೆ ಇವರು ನಡೆದದ್ದನ್ನು ನಡೆದ ಹಾಗೆಯೇ ಹೇಳಿಬಿಡುತ್ತಾರೆ.

"ಶರಣ್ರಿ ಸರ್. ಒಂದ ಮಾತ ಕೇಳೂದಿತ್ರಿ."

"ಕೇಳ್ರಿ ಶರಣಪ್ಪನೋರ."

"ನಿನ್ನಿ ನಮ್ಮ ಹುಡಗಿ ಊಟಾನಾ ಮಾಡಲಿಲ್ಲ. ಯಾಕವ್ವ ಅಂತ ಕೇಳಿದ್ರ, ಸರ್ ನನಗ ತಪ್ಪ ಹೇಳ್ಲಾಕ ಹೇಳ್ಯಾರ ಅಂದ್ಲು. ಖರೇನ್ರಿ?"

"ಅದು ತಪ್ಪಲ್ರಿ. ತಪ್ಪು ಹೇಳಿದಂಗ ತೋರಸೂದು."

"ಉತ್ತರ ಅಕಿಗೆ ಗೊತ್ತದಿಲ್ರಿ?"

"ಚೆಂದಗೆ ಗೊತ್ತದ. ಅದಕ್ಕಾ ಅಕಿಗೆ ಕೊಟ್ಟೇನಿ."

"ಗೊತ್ತಿದ್ದೂ ಬ್ಯಾರೇದ ಹೇಳಿದ್ರ ಅದಕ್ಕ ಏನಂತಾರ್ರಿ?"

ನನಗೆ ಉತ್ತರ ಗೊತ್ತಿತ್ತು. ಗೊತ್ತಿದ್ದೂ ಬೇರೆಯದನ್ನು ಹೇಳಿದೆ. "ನಾಟಕ ಅಂತಾರ್ರಿ."

"ನಾಟಕಕ್ಕ ಪಡದಿ ಕಟ್ಟತಾರ್ರಿ ಸರ್. ನೋಡೋ ಮಂದಿಗೆ ಇದು ನಾಟಕ ಅಂತ ತಿಳೀತದ. ನಿಮ್ಮ ಸಾಲ್ಯಾಗ ಪಡದಿ ಕಟ್ಟತೀರೇನ್ರಿ?"

ಪರದೆ ಕಟ್ಟುವ ಯೋಜನೆ ನನಗೆ ಇರಲಿಲ್ಲ. ಬೋಧನಾ ವಿಧಾನ, ಮಕ್ಕಳ ಮನಃಶಾಸ್ತ್ರ, ದೋಷ ನಿವಾರಣಾ ತಂತ್ರ ಮುಂತಾದ ದೊಡ್ಡ ಮಾತುಗಳನ್ನು ಹತ್ತು ನಿಮಿಷ ಆಡಿದೆ. ಶರಣಪ್ಪನವರು ಅಷ್ಟನ್ನೂ ಕೇಳಿ, "ನೀವು ಕಲತವರು. ನಾ ಹೌದೂ ಅನ್ನಲ್ಲ, ಅಲ್ಲಾನೂ ಅನ್ನಲ್ಲ. ಹುಡಗಿ ಮನಸ್ಸಿಗೆ ಬಿಟ್ಟೇನಿ" ಎಂದು ಎದ್ದು ಹೋದರು. ಇದನ್ನು ನಾನು ಪಾಲಕರ ಸಂಪೂರ್ಣ ಒಪ್ಪಿಗೆ ಎಂದು ಅರ್ಥ ಮಾಡಿಕೊಂಡೆ.

ಭಾನುವಾರ ಚರ್ಚಿನಿಂದ ಬರುವಾಗ ಸುಗುಣಾಳಿಗೆ ವಿಷಯ ಹೇಳಿದೆ. ಅವಳು ದಾರಿಯಲ್ಲೇ ನಿಂತಳು.

"ನಮ್ಮ ವಾರ್ಡಿಗೆ ದೊಡ್ಡ ಡಾಕ್ಟರ್ ರೌಂಡಿಗೆ ಬರ್ತಾರಂತ, ಪೇಷಂಟಿಗೆ ಹಿಂಗಿಂಗ ನರಳ್ರಿ ಅಂತ ನಾವು ಹೇಳಿಕೊಡ್ತೇವೇನ್ರಿ?"

"ಇದು ಹಂಗಲ್ಲ."

"ಹ್ಯಾಂಗಲ್ಲ?"

ಚಿದ್ರಿ ಕಡೆಯಿಂದ ಬಂದ ಒಂದು ಆಟೋ ಹಾರ್ನ್ ಹೊಡೆದು ನಮ್ಮನ್ನು ರಸ್ತೆಯಿಂದ ಸರಿಸಿತು. ಆ ಮಾತನ್ನು ಮುಂದುವರಿಸುವ ಪ್ರಸಂಗ ಬರಲಿಲ್ಲ.

ಒಟ್ಟು ಒಂಬತ್ತು ದಿನ ಅಭ್ಯಾಸ ನಡೆಯಿತು. ಕೊನೆಯ ನಾಲ್ಕು ದಿನ ಮಹಾದೇವಿ ಎಂಟನೇ ಪ್ರಶ್ನೆಗೆ ಎದ್ದು, ಗೋಡೆ ನೋಡುತ್ತ, 'ಆರ್' ಎಂದು ಹೇಳಿ ಕುಳಿತಳು. ನಾನು ಕನಿಕರದಿಂದ ನಗುವುದನ್ನು ಮನೆಯಲ್ಲಿ ಕನ್ನಡಿಯ ಮುಂದೆಯೂ ಅಭ್ಯಾಸ ಮಾಡಿದೆ. ಮೊದಲೆರಡು ಸಲ ಹಲ್ಲುನೋವು ಬಂದವನ ಹಾಗೆ ಕಂಡಿತು, ಆಮೇಲೆ ಸುಧಾರಿಸಿತು.

ಹತ್ತನೆಯ ದಿನ ಲೀಲಾವತಿ ಮೇಡಂ ಭಾಲ್ಕಿಯಿಂದ ಬಂದರು. ಸಣ್ಣ ಆಕೃತಿ, ಬಿಳಿ ಕೂದಲು, ಕೈಯಲ್ಲಿ ಮಕ್ಕಳ ನೋಟ್‌ಬುಕ್ಕಿನಂಥ ಒಂದು ನೋಟ್‌ಬುಕ್ಕು. ನಮ್ಮ ಮುಖ್ಯೋಪಾಧ್ಯಾಯರು ಶಾಲು ಹಿಡಿದು ಮುಂದೆ ಹೋದರೆ, "ಮೊದಲ ಪಾಠ ಆಗ್ಲಿ, ಶಾಲ್ ಎಲ್ಲಿ ಹೋಗ್ತದ" ಎಂದು ನೇರವಾಗಿ ತರಗತಿಗೆ ಬಂದು ಹಿಂದಿನ ಬೆಂಚಿನ ತುದಿಗೆ ಕುಳಿತರು. ಕಿಟಕಿಯ ಹೊರಗೆ ಊರಿನ ಏಳೆಂಟು ಮಂದಿ ಸೇರಿದ್ದರು. ಅವರ ನಡುವೆ ಶರಣಪ್ಪನವರ ವಿಭೂತಿ ಕಾಣಿಸಿತು.

ಪಾಠ ಶುರುವಾಯಿತು. ಶುರುವಾದದ್ದೇ ತಡ, ಸ್ವಲ್ಪ ಜೋರಾಗಿಯೇ ಓಡತೊಡಗಿತು. ಒಂದನೇ ಪ್ರಶ್ನೆಯನ್ನು ನಾನು ಅರ್ಧ ಕೇಳುವಷ್ಟರಲ್ಲಿ ಪೂರ್ತಿ ಉತ್ತರ ಬಂತು. ಎರಡನೆಯದಕ್ಕೆ, ನಾನು ಹೆಸರು ಕರೆಯುವ ಮೊದಲೇ ಹುಡುಗಿ ಎದ್ದು ನಿಂತಿದ್ದಳು. ಮೂರನೆಯವನು ಪಟ್ಟಿಯಲ್ಲಿದ್ದ ಎರಡು ಸೆಕೆಂಡಿನ ಯೋಚನೆಯನ್ನು ನೆನಪಿಟ್ಟು, ಗದ್ದಕ್ಕೆ ಬೆರಳಿಟ್ಟು, "ಒಂದು, ಎರಡು" ಎಂದು ಮೆಲ್ಲಗೆ ಎಣಿಸಿ ಉತ್ತರ ಹೇಳಿದ. ಮೇಡಂ ನೋಟ್‌ಬುಕ್ಕಿನಲ್ಲಿ ಏನೋ ಬರೆದರು. ಅವರು ಬರೆದಷ್ಟೂ ನಾನು ಪಟ್ಟಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ. ಏಳನೇ ಪ್ರಶ್ನೆ ಮುಗಿಯುವ ಹೊತ್ತಿಗೆ ನನ್ನ ಕಿವಿ ಕೇಳುವುದನ್ನು ನಿಲ್ಲಿಸಿತ್ತು, ಬಾಯಿ ಮಾತ್ರ ಒಂಬತ್ತು ದಿನದ ಅಭ್ಯಾಸದ ಮೇಲೆ ನಡೆಯುತ್ತಿತ್ತು.

ಎಂಟನೇ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು ಮಹಾದೇವಿಯ ಹೆಸರು ಕರೆದೆ. ಅವಳು ಎದ್ದಳು. ಗೋಡೆ ನೋಡಲಿಲ್ಲ, ಕಿಟಕಿ ನೋಡಿದಳು. ಆಮೇಲೆ ಇಡೀ ಊರಿಗೆ ಕೇಳುವಂತೆ ಹೇಳಿದಳು.

"ಈಸ್."

ನಾನು ಕನಿಕರದಿಂದ ನಕ್ಕೆ. "ತಪ್ಪು. ಆದರೂ ಒಳ್ಳೆಯ ಪ್ರಯತ್ನ. ಮಹಾದೇವಿಯನ್ನು ಯಾರು ತಿದ್ದುತ್ತೀರಿ? ರುಕ್ಸಾನಾ?"

ಪಾಪ, ರುಕ್ಸಾನಾ ಎದ್ದಳು. ಅವಳು ಹೇಳಬೇಕಾಗಿದ್ದ 'ಈಸ್' ಆಗಲೇ ಖರ್ಚಾಗಿತ್ತು. ಅಷ್ಟೇ ಅಲ್ಲ, ಅದು ತಪ್ಪು ಎಂದು ಸ್ವತಃ ಸರ್ ಘೋಷಿಸಿದ್ದರು. ಅವಳು ನನ್ನ ಮುಖ ನೋಡಿದಳು, ಮಹಾದೇವಿಯ ಮುಖ ನೋಡಿದಳು, ಉಳಿದದ್ದು ಒಂದೇ ಉತ್ತರವಾದ್ದರಿಂದ ಅದನ್ನೇ ಹೇಳಿದಳು.

"ಆರ್, ಸರ್."

"ಶಾಬಾಶ್!" ಎಂದೆ. ತರಗತಿ ಚಪ್ಪಾಳೆ ಹೊಡೆಯಿತು. ಕಿಟಕಿಯಲ್ಲಿದ್ದವರೂ ಒಂದಿಬ್ಬರು ಹೊಡೆದರು. ನಾನು ತಿರುಗಿ ಹಲಗೆಯ ಖಾಲಿ ಜಾಗದಲ್ಲಿ, ಅಭ್ಯಾಸದಂತೆ, ದೊಡ್ಡದಾಗಿ ಸರಿಯಾದ ಉತ್ತರವನ್ನು ಬರೆದೆ. 'ಈಸ್' ಎಂದು. ಅದರ ಕೆಳಗೆ ಎರಡು ಗೆರೆಯನ್ನೂ ಎಳೆದೆ.

ಚಪ್ಪಾಳೆ ಒಂದೊಂದಾಗಿ ನಿಂತಿತು. ಮಹಾದೇವಿ ಇನ್ನೂ ನಿಂತೇ ಇದ್ದಳು.

"ಸರ್, ನಾ ಅದಾ ಹೇಳಿದ್ನಲ್ರಿ."

ಆಗ ನನ್ನ ಕಿವಿ ಮರಳಿ ಬಂತು. ಹಲಗೆ ನೋಡಿದೆ. ಆ ಕ್ಷಣದಲ್ಲಿ ಸುಮ್ಮನೆ "ಹೌದವ್ವ, ನನ್ನದೇ ತಪ್ಪಾಯಿತು" ಎಂದಿದ್ದರೆ ಇವತ್ತು ನಾನು ಮೈಲೂರಿನ ಮನೆಯಲ್ಲಿ ಚಹಾ ಕುಡಿಯುತ್ತಿರುತ್ತಿದ್ದೆನೋ ಏನೋ. ಆದರೆ ನಾನು ತಜ್ಞ. ತಜ್ಞನಾದವನು ಹಾಗೆ ಹೇಳುವುದುಂಟೆ?

"ನೋಡ್ರಿ ಮಕ್ಕಳೇ, ಒಂದು ದೃಷ್ಟಿಯಿಂದ ನೋಡಿದರೆ ಎರಡೂ..." ಎಂದು ಶುರು ಮಾಡಿದೆ.

"ಎರಡೂ ಏನ್ರಿ ಸರ್?" ಹಿಂದಿನಿಂದ ಮೇಡಂ ಕೇಳಿದರು. ಬಂದಾಗಿನಿಂದ ತರಗತಿಯಲ್ಲಿ ಅವರಾಡಿದ ಮೊದಲ ಮಾತು ಅದು.

ಸೀಮೆಸುಣ್ಣ ಮುರಿಯಿತು. ಅದನ್ನು ಹೆಕ್ಕಲು ಬಗ್ಗಿದೆ, ಅಗತ್ಯಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದೆ. ಮೇಡಂ ಎದ್ದು ಬಂದು ಮಹಾದೇವಿಯ ಪಕ್ಕ ನಿಂತದ್ದು ನನಗೆ ಅವರ ಚಪ್ಪಲಿಯಿಂದ ಗೊತ್ತಾಯಿತು.

"ತಂಗಿ, 'ಈಸ್' ಅಂತ ಯಾಕ ಅಂದಿ?"

"ನಮ್ಮ ಮನ್ಯಾಗ ಏಳ ಎಮ್ಮಿ ಅವ್ರಿ ಮೇಡಂ. ಒಂದ ಹಳ್ಳಕ್ಕ ಹೋಗ್ತದ, ಒಂದ ಹೊಲಕ್ಕ ಹೋಗ್ತದ. ಆದ್ರ ಕಾಯೂದು ಒಂದಾ ಕೆಲಸ್ರಿ. ಈ ಮಾತು ಎಮ್ಮಿಗೋಳದಲ್ರಿ, ಕಾಯೂದ್ರದು. ಅದಕ್ಕ 'ಈಸ್'."

ನಾನು ಒಂಬತ್ತು ದಿನ ಹೇಳಿಕೊಟ್ಟ ವಿವರಣೆಯಲ್ಲಿ ಕರ್ತೃಪದ, ಕ್ರಿಯಾನಾಮ, ವಚನಾನ್ವಯ ಎಲ್ಲ ಇದ್ದವು. ಎಮ್ಮೆ ಮಾತ್ರ ಇರಲಿಲ್ಲ. ಹಿಂದಿನ ಬೆಂಚಿನವರು ಮೊದಲ ಸಲ "ಹಾಂ, ಹಂಗೇನು" ಎಂದು ತಲೆಯಾಡಿಸಿದ್ದನ್ನು ನಾನು ಬಗ್ಗಿದಲ್ಲಿಂದಲೇ ಕಂಡೆ.

"ಬರೋಬ್ಬರಿ ಅದ" ಎಂದರು ಮೇಡಂ. "ಮತ್ತ ಸರ್ ಯಾಕ ತಪ್ಪ ಅಂದ್ರು?"

ಮೂವತ್ತಾರು ಮಕ್ಕಳಿಗೂ ಉತ್ತರ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ, ನನ್ನನ್ನು ಕಾಪಾಡಲು ಎಲ್ಲರೂ ಒಟ್ಟಾಗಿ ಮೇಜು ನೋಡುತ್ತಿದ್ದರು. ಅದು ಪಟ್ಟಿಯಲ್ಲಿರಲಿಲ್ಲ, ನಾನು ಹೇಳಿಕೊಟ್ಟದ್ದೂ ಅಲ್ಲ.

ಮಹಾದೇವಿಯ ಕಣ್ಣಲ್ಲಿ ನೀರು ತುಂಬಿತ್ತು. ಅವಳು ಮೇಡಂ ಕಡೆ ತಿರುಗಲಿಲ್ಲ. ನನ್ನ ಕಡೆ ತಿರುಗಿದಳು.

"ತಪ್ಪಾಯ್ತ್ರಿ ಸರ್. ನೀವು ತಪ್ಪ ಹೇಳು ಅಂದಿದ್ರಿ. ನನಗ ಬಾಯಿಗಿ ಬರಲಿಲ್ರಿ. ಸರಿದಾ ಬಂತ್ರಿ."

ನನ್ನ ಸೇವೆಯಲ್ಲಿ ಸಾವಿರಾರು ಮಕ್ಕಳು ತಪ್ಪು ಉತ್ತರಕ್ಕೆ ಕ್ಷಮೆ ಕೇಳಿದ್ದಾರೆ. ಸರಿ ಉತ್ತರ ಹೇಳಿದ್ದಕ್ಕೆ ಕ್ಷಮೆ ಕೇಳಿದವಳು ಇವಳೊಬ್ಬಳೇ. ನಾನು ಎದ್ದು ನಿಂತು, "ನಿನ್ನದಲ್ಲವ್ವ, ನಂದು" ಎಂದೆ. ಸಾಕಷ್ಟು ತಡವಾಗಿತ್ತು, ಆದರೂ ಹೇಳಿದೆ. ಒಂಬತ್ತು, ಹತ್ತನೇ ಪ್ರಶ್ನೆಗಳನ್ನು ಕೇಳುವ ಅಗತ್ಯ ಬೀಳಲಿಲ್ಲ.

ಚಹಾದ ಹೊತ್ತಿನಲ್ಲಿ ಶರಣಪ್ಪನವರು ನನ್ನ ಹತ್ತಿರ ಬಂದು, "ಹುಡಗಿ ನಿಮ್ಮ ಮಾತ ನಡಸಲಿಲ್ಲ. ಮನಸ್ಸಿಗಿ ಹಚ್ಚಕೋಬ್ಯಾಡ್ರಿ" ಎಂದು ಸಮಾಧಾನ ಹೇಳಿದರು. ವ್ಯಂಗ್ಯ ಇರಬಹುದೆಂದು ಅವರ ಮುಖವನ್ನು ಹುಡುಕಿದೆ. ಇರಲಿಲ್ಲ, ಮನುಷ್ಯ ನಿಜವಾಗಿಯೂ ನೊಂದಿದ್ದರು. ಮುಖ್ಯೋಪಾಧ್ಯಾಯರು ಶಾಲನ್ನು ಮೇಡಂಗೆ ಹೊದಿಸಿದರು. ಮೇಡಂ ಅದನ್ನು ತೆಗೆದು ಮಹಾದೇವಿಗೆ ಹೊದಿಸಿ ಬಸ್ಸು ಹತ್ತಿದರು.

ಹದಿನೈದು ದಿನಕ್ಕೆ ಫಲಿತಾಂಶ ಬಂತು. ಬೀದರ್‌ನ ಜಾಗ ಭಾಲ್ಕಿ ಕಡೆಯ ಶಿಕ್ಷಕರಿಗೆ ಹೋಯಿತು. ಅವರ ಪಾಠ ಹೇಗಿತ್ತು ಎಂದು ಮೇಡಂಗೆ ಫೋನ್ ಮಾಡಿ ಕೇಳಿದೆ.

"ಅವರ ಮಕ್ಕಳು ಐದು ತಪ್ಪ ಹೇಳಿದ್ರು ನೋಡ್ರಿ" ಎಂದರು ಮೇಡಂ. "ಯಾರೂ ಹೇಳಿಕೊಟ್ಟಿರಲಿಲ್ಲ. ತಮ್ಮಷ್ಟಕ್ಕ ತಾವಾ ಹೇಳಿದ್ರು."

ಒಂದು ತಪ್ಪಿಗಾಗಿ ನಾನು ನಾಲ್ಕು ದಿನ ಬೆವರು ಸುರಿಸಿದ್ದೆ. ಆ ಮಹಾನುಭಾವರಿಗೆ ಐದು ತಪ್ಪು ಪುಕ್ಕಟೆ ಸಿಕ್ಕಿದ್ದವು. ಮನೆಗೆ ಬಂದು ಸುಗುಣಾಳಿಗೆ ಹೇಳಿದೆ. ಅವಳು ಪಾಳಿಗೆ ಹೊರಟು ನಿಂತಿದ್ದಳು. ಬಯ್ಯಲಿಲ್ಲ. ಮೇಜಿನ ಮೇಲಿದ್ದ ಎರಡು ಕಪ್ಪಿನಲ್ಲಿ ಒಂದನ್ನು ಎತ್ತಿ ಒಳಗಿಟ್ಟು, "ಹೋಗ್ಲಿ ಬಿಡ್ರಿ, ಫ್ಲಾಸ್ಕಿನ್ಯಾಗ ಚಹಾ ಅದ" ಎಂದು ಹೋದಳು. ಬಯ್ದಿದ್ದರೆ ಒಳ್ಳೆಯದಿತ್ತು ಅನಿಸಿತು. ಅವಳಿಗೂ ಆಸೆ ಇತ್ತು ಎಂಬುದು ಆ ಎತ್ತಿಟ್ಟ ಕಪ್ಪಿನಿಂದ ನನಗೆ ಗೊತ್ತಾಯಿತು.

ವಾರ ಕಳೆದ ಮೇಲೆ ಶಾಲೆಗೆ ಒಂದು ಕಾಗದ ಬಂತು. ಲೀಲಾವತಿ ಮೇಡಂ ಅವರ ಸಲಹೆಯಂತೆ, ಬೀದರ್‌ನಲ್ಲಿ ನಡೆಯುವ ಶಿಕ್ಷಕರ ತರಬೇತಿಯಲ್ಲಿ ವಿದ್ಯಾರ್ಥಿನಿ ಮಹಾದೇವಿ ಏಳು ಎಮ್ಮೆಗಳ ಸಹಾಯದಿಂದ ವ್ಯಾಕರಣದ ನಿಯಮವೊಂದನ್ನು ವಿವರಿಸಬೇಕು, ಆಕೆಯೊಂದಿಗೆ ಪಾಲಕರು ಮತ್ತು ಒಬ್ಬ ಶಿಕ್ಷಕರು ಬರಬೇಕು ಎಂದು ಅದರಲ್ಲಿತ್ತು. ಎಮ್ಮೆಗಳನ್ನು ಕರೆತರುವ ಅಗತ್ಯವಿಲ್ಲವೆಂದು ನಾನು ಶರಣಪ್ಪನವರಿಗೆ ಬಿಡಿಸಿ ಹೇಳಬೇಕಾಯಿತು.

ಅಂತೂ ನಾನು ಕರ್ತವ್ಯದ ಮೇಲೆ ಬೀದರ್‌ಗೆ ಬಂದೆ. ಬೀದರ್‌ಗೆ ಬರಬೇಕಾದರೆ ಮೊದಲು ಬೀದರ್ ಬಿಡಬೇಕಾಯಿತು. ನಸುಕಿನಲ್ಲೆದ್ದು ಎರಡು ಬಸ್ಸು ಹತ್ತಿ ಹಳ್ಳಿಗೆ ಹೋಗಿ, ತಂದೆ ಮಗಳನ್ನು ಕರೆದುಕೊಂಡು, ಅದೇ ಎರಡು ಬಸ್ಸಿನಲ್ಲಿ ತಿರುಗಿ ಬಂದೆ. ಸಂಜೆ ಅವರನ್ನು ಬಿಟ್ಟು ಬರಲು ಮತ್ತೆ ನಾಲ್ಕು ಬಸ್ಸು. ತರಬೇತಿ ಸಭಾಂಗಣದ ಹಾಜರಿ ಪುಸ್ತಕದಲ್ಲಿ ಮಹಾದೇವಿಯ ಹೆಸರಿನ ಮುಂದೆ 'ಸಂಪನ್ಮೂಲ ವ್ಯಕ್ತಿ' ಎಂದಿತ್ತು, ಶರಣಪ್ಪನವರ ಮುಂದೆ 'ಪಾಲಕರು', ನನ್ನ ಮುಂದೆ 'ಜೊತೆಗೆ ಬಂದವರು' ಎಂದಿತ್ತು. ಸಹಿ ಮಾಡಿದೆ.

ಸುಗುಣಾ ಆ ದಿನ ರಜೆ ಹಾಕಿ, ತಂದೆ ಮಗಳಿಗಾಗಿ ಜೋಳದ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ಬಂದು ಕೊನೆಯ ಸಾಲಿನಲ್ಲಿ ನನ್ನ ಪಕ್ಕ ಕುಳಿತಳು. ಮಹಾದೇವಿ ನಲವತ್ತು ಶಿಕ್ಷಕರಿಗೆ ಎಮ್ಮೆ, ಹಳ್ಳ, ಹೊಲ ಎಲ್ಲ ವಿವರಿಸಿದಳು. ಆಮೇಲೆ ಹಲಗೆಯ ಮೇಲೆ ಒಂದು ವಾಕ್ಯ ಬರೆದು, ಖಾಲಿ ಜಾಗ ತೋರಿಸಿ, "ಯಾರು ಹೇಳ್ತೀರ್ರಿ?" ಎಂದು ಕೇಳಿದಳು. ನಲವತ್ತು ಶಿಕ್ಷಕರೂ ಏಕಕಾಲಕ್ಕೆ ತಮ್ಮ ತಮ್ಮ ಮೇಜು ನೋಡಿದರು. ಕೊನೆಗೆ ಅವಳ ಕಣ್ಣು ನನ್ನ ಮೇಲೆ ಬಿತ್ತು.

"ಸರ್, ನೀವು ಹೇಳ್ರಿ."

ಎದ್ದೆ. ಉತ್ತರ ಗೊತ್ತಿತ್ತು. ಬಾಯಿ ತೆರೆಯುವ ಮೊದಲು ಅವಳು ಕೈ ಎತ್ತಿ ತಡೆದಳು. ಮುಖದಲ್ಲಿ ಚೇಷ್ಟೆಯ ಸುಳಿವಿಲ್ಲ, ಕೆಲಸಕ್ಕೆ ಬೇಕಾದ ಮಾಹಿತಿ ಕೇಳುವವರ ಹಾಗಿತ್ತು.

"ಸರ್, ಸರಿದ ಹೇಳ್ತೀರೋ, ತಪ್ಪ ಹೇಳ್ತೀರೋ? ತಪ್ಪ ಆದ್ರ ನಾ ತಿದ್ದಬೇಕಲ್ರಿ."

"ಸರಿದಾ ಹೇಳ್ತೇನವ್ವ" ಎಂದೆ. ಹೇಳಿದೆ.

"ಬರೋಬ್ಬರಿ ಅದ್ರಿ. ಕುಂಡ್ರಿ ಸರ್."

ಕುಳಿತೆ. ಸುಗುಣಾ ನನ್ನ ಕಡೆ ವಾಲಿ, ಮೆಲ್ಲಗೆ, "ಇದಕ್ಕ ಎಷ್ಟ ದಿನ ಪ್ರಾಕ್ಟೀಸ್ ಮಾಡಿದ್ರಿ?" ಎಂದು ಕೇಳಿದಳು. ಒಂದು ದಿನವೂ ಇಲ್ಲ, ದೇವರಾಣೆಗೂ ಇಲ್ಲ ಎಂದೆ. ಅವಳು ನಂಬಲಿಲ್ಲ.